‘ಕೊರತೆಪಡೆನು’: ಬಾಯಿಪಾಠ ಮತ್ತು ಮೆಲುಕು

ಮಾನ್ಯ ಸಭಾಪಾಲಕರೇ, ಸಂಡೇ ಸ್ಕೂಲಿನ ಅಧ್ಯಾಪಕ ಬಂಧುಗಳೇ, ತಂದೆತಾಯಂದಿರೇ, ಮತ್ತು ಬೆಳಿಗ್ಗೆಯಿಂದ ವಚನಗಳನ್ನು ಒಪ್ಪಿಸಿ ಸುಸ್ತಾದ ಮೇಲೆ ಈಗ ನನ್ನ ಮಾತನ್ನೂ ಕೇಳಬೇಕಾಗಿ ಬಂದಿರುವ ಮಕ್ಕಳೇ,

ಇಂದಿನ ಬಾಯಿಪಾಠ ಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಒಬ್ಬಳು ಹುಡುಗಿ 42 ವಚನಗಳನ್ನು ಎಲ್ಲಿಯೂ ತಡವರಿಸದೆ, ಉಸಿರು ಬಿಟ್ಟದ್ದು ಸಹ ನಮಗೆ ಗೊತ್ತಾಗದಂತೆ ಒಪ್ಪಿಸಿದಳು. ವೇದಿಕೆಯಿಂದ ಇಳಿಯುವಾಗ ಅವಳನ್ನು ಕರೆದು, ‘ಇಷ್ಟರಲ್ಲಿ ನಿನಗೆ ತುಂಬ ಇಷ್ಟವಾದ ವಚನ ಯಾವುದು ಮಗಳೇ?’ ಎಂದು ಕೇಳಿದೆ. ‘ಕೊನೆಯದ್ದು ಸರ್’ ಎಂದಳು. ಯಾಕೆ ಎಂದದ್ದಕ್ಕೆ, ‘ಅಲ್ಲಿಗೆ ಮುಗಿಯುತ್ತದಲ್ಲ’ ಎಂದಳು. ಇಷ್ಟು ಪ್ರಾಮಾಣಿಕವಾದ ಉತ್ತರಕ್ಕೆ ಬೇರೆಯೇ ಒಂದು ಬಹುಮಾನ ಇಡಬೇಕಿತ್ತು. ತಪ್ಪು ಅವಳದಲ್ಲ. ನಾವು ಅವಳಿಗೆ ವಚನಗಳನ್ನು ಎಣಿಸುವುದನ್ನು ಕಲಿಸಿದ್ದೇವೆ, ಅವುಗಳ ಜೊತೆ ಇರುವುದನ್ನು ಕಲಿಸಿಲ್ಲ.

ಹಾಗೆಂದು ಬಾಯಿಪಾಠವೇ ಬೇಡ, ಅದು ಗಿಳಿಪಾಠ, ಅರ್ಥವಾದರೆ ಸಾಕು ಎನ್ನುವವರ ಪಕ್ಷಕ್ಕೂ ನಾನು ಸೇರಿದವನಲ್ಲ. ಮೂವತ್ತು ವರ್ಷ ಈ ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಕಲಿಸಿದವನಾಗಿ ಹೇಳುತ್ತೇನೆ: ಬಾಯಲ್ಲಿ ಇಲ್ಲದ್ದು ಬೇಕಾದ ಹೊತ್ತಿಗೆ ಮನಸ್ಸಿಗೂ ಬರುವುದಿಲ್ಲ. ಬಾಯಿ ಮೊದಲು, ತಲೆ ಆಮೇಲೆ. ಇದನ್ನು ನಾನು ಇವತ್ತು ಮೂರು ನಾಲ್ಕು ಸಲ ಹೇಳಲಿದ್ದೇನೆ, ಬೇಸರಿಸಬೇಡಿ.

ಬೈಬಲಿನ ಒಂದನೆಯ ಕೀರ್ತನೆಯಲ್ಲಿ ಧನ್ಯನಾದವನು ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುತ್ತಾನೆ ಎಂದು ಓದುತ್ತೇವೆ. ‘ಧ್ಯಾನ’ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಕಣ್ಣುಮುಚ್ಚಿ, ತುಟಿ ಬಿಗಿದು, ಬೆನ್ನು ನೆಟ್ಟಗೆ ಮಾಡಿ ಕುಳಿತ ಒಬ್ಬ ವ್ಯಕ್ತಿ. ಆದರೆ ಅಲ್ಲಿರುವ ಹೀಬ್ರೂ ಮಾತು ‘ಹಾಗಾ’. ಅದು ಸದ್ದಿನ ಮಾತು. ಯೆಶಾಯ 31:4ರಲ್ಲಿ ಸಿಂಹವು ಹಿಡಿದ ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ, 38:14ರಲ್ಲಿ ಪಾರಿವಾಳವು ನರಳುವುದಕ್ಕೂ ಇದೇ ಮಾತು ಬಂದಿದೆ. ಯೆಹೋಶುವ 1:8ರಲ್ಲಿಯೂ ಇದೇ ಮಾತು, ಮತ್ತು ಅಲ್ಲಿ ಧರ್ಮಶಾಸ್ತ್ರವು ದೂರವಾಗಬಾರದು ಎಂದಿರುವುದು ಯೆಹೋಶುವನ ಕಣ್ಣಿನಿಂದಲ್ಲ, ಬಾಯಿಂದ. ಅಂದರೆ ಧ್ಯಾನಿಸುವವನು ಗುಣುಗುಣು ಹೇಳಿಕೊಳ್ಳುತ್ತಿರುವವನು. ಆದ್ದರಿಂದ ಬಾಯಿಪಾಠ ಒಂದು ಕೆಲಸ, ಧ್ಯಾನ ಅದಕ್ಕಿಂತ ಮೇಲಿನ ಇನ್ನೊಂದು ಕೆಲಸ ಎಂಬ ವಿಂಗಡಣೆಯೇ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಎರಡನೆಯ ಕೀರ್ತನೆಯ ಮೊದಲ ವಚನದಲ್ಲಿ ಜನಾಂಗಗಳು ವ್ಯರ್ಥವಾದದ್ದನ್ನು ಯೋಚಿಸುತ್ತವೆ ಎಂದಿರುವಲ್ಲಿಯೂ ಇದೇ ‘ಹಾಗಾ’ ಇರುವುದನ್ನು ಗಮನಿಸಬೇಕು. ‘ನನಗೆ ಧ್ಯಾನ ಹತ್ತುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ’ ಎಂದು ನನ್ನಲ್ಲಿ ಹೇಳುವ ಹಿರಿಯರೊಬ್ಬರು ಹನ್ನೆರಡು ವರ್ಷಗಳ ಹಿಂದೆ ತೋಟದ ಬೇಲಿಯ ವಿಷಯದಲ್ಲಿ ನೆರೆಮನೆಯವರು ಆಡಿದ ಮಾತನ್ನು ಒಂದಕ್ಷರ ಬಿಡದೆ, ಆ ನೆರೆಯವರ ಸ್ವರದಲ್ಲಿಯೇ ಇವತ್ತಿಗೂ ಒಪ್ಪಿಸುತ್ತಾರೆ. ಸಿಟ್ಟನ್ನು ಮೆಲುಕು ಹಾಕಲು ನಮಗೆ ಯಾರೂ ತರಬೇತಿ ಕೊಟ್ಟಿಲ್ಲ. ಮೆಲುಕು ಹಾಕಲು ಬರುತ್ತದೆ ಎಂದಾಯಿತು. ಬಾಯಿಗೆ ಹಾಕುವ ಹುಲ್ಲನ್ನು ಬದಲಿಸಿದರೆ ಸಾಕು.

ಈಗ ನನ್ನ ಅಜ್ಜಿಯ ವಿಷಯ. ನನ್ನ ಉಪನ್ಯಾಸವನ್ನು ಹಿಂದೆ ಕೇಳಿದವರು ನಗುತ್ತಿದ್ದೀರಿ, ಅಜ್ಜಿ ಬಂದರು ಎಂದು. ಬರಲೇಬೇಕು, ಏಕೆಂದರೆ ನನಗೆ ಈ ವಿದ್ಯೆಯನ್ನು ಕಲಿಸಿದವರು ಅವರು.

ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಕಚೇರಿಯಿಂದ ಬರುವ ಕಾಗದಗಳಲ್ಲಿ ಮಲಯಾಳ. ಹೀಗೆ ಮೂರು ಭಾಷೆಗಳ ನಡುವೆ ಬದುಕಿದರೂ ಅವರಿಗೆ ಓದುವುದಕ್ಕೆ ಒಂದೂ ಬರಲಿಲ್ಲ. ಬೀಡಿ ಕಟ್ಟುತ್ತಿದ್ದರು. ಮಡಿಲಿನಲ್ಲಿ ತಡ್ಪೆ ಎಂಬ ಮೊರ, ಅದರಲ್ಲಿ ಕತ್ತರಿಸಿಟ್ಟ ಎಲೆ, ಒಂದು ಕಡೆ ಹೊಗೆಸೊಪ್ಪಿನ ಪುಡಿ, ಬೆರಳಿಗೆ ಸುತ್ತಿಕೊಂಡ ನೂಲು. ಸಂಜೆ ಚಿಮಿಣಿ ದೀಪದ ಹತ್ತಿರ ನನ್ನನ್ನು ಕೂರಿಸಿ, ‘ಒಂದೇ ಸಾಲು ಓದು’ ಎನ್ನುತ್ತಿದ್ದರು. ನಾನು ಓದಿದರೆ ಅವರು ಹೇಳುತ್ತಿದ್ದರು, ಮತ್ತೆ ಓದಿಸುತ್ತಿದ್ದರು. ಮರುದಿನ ಇಡೀ ಹಗಲು ಅದೇ ಒಂದು ಸಾಲು. 25 ಬೀಡಿಗೆ ಒಂದು ಕಟ್ಟು. ಒಂದು ಕಟ್ಟಿಗೆ ನೂಲು ಬಿಗಿಯುವಾಗ ಒಂದು ಸಲ ಗಟ್ಟಿಯಾಗಿ, ಉಳಿದ ಹೊತ್ತು ತುಟಿಯೊಳಗೆ. ‘ಹಾಗಾ’ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ನಂತರ. ಓದಿದ ಕೂಡಲೇ ನನಗೆ ಕೇಳಿಸಿದ್ದು ಆ ತಡ್ಪೆಯ ಹತ್ತಿರದ ಸದ್ದು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸಂಡೇ ಸ್ಕೂಲಿನ ಸ್ಪರ್ಧೆಗೆ ಇಪ್ಪತ್ತಮೂರನೆಯ ಕೀರ್ತನೆ ಇಟ್ಟಿದ್ದರು. ಬಹುಮಾನ ಒಂದು ತಗಡಿನ ಪೆನ್ಸಿಲ್ ಡಬ್ಬಿ. ಅದು ಮೇಜಿನ ಮೇಲೆ ಕಾಣುವಂತೆಯೇ ಇತ್ತು. ನಾನು ಕೈಕಟ್ಟಿ ನಿಂತು, ಡಬ್ಬಿಯನ್ನೇ ನೋಡುತ್ತಾ, ಒಳ್ಳೆಯ ಸ್ವರದಲ್ಲಿ ಶುರು ಮಾಡಿದೆ: ‘ಯೆಹೋವನು ನನಗೆ ಕುರುಬನು, ಕೊರತೆಪಡುವೆನು.’ ಹಿರಿಯರು ನಕ್ಕರು. ಯಾಕೆ ನಕ್ಕರೆಂದು ತಿಳಿಯದೆ ನಾನು ಇನ್ನೂ ಗಟ್ಟಿಯಾಗಿ ಮುಂದುವರಿಸಿದೆ. ‘ಆತನು ಹಸುರುಗಾವಲುಗಳಲ್ಲಿ ನನ್ನನ್ನು ತಂಗಿಸುತ್ತಾನೆ’ ಎಂಬಲ್ಲಿ ನನಗೆ ಮೊದಲೇ ಒಂದು ತೊಡಕಿತ್ತು; ನನಗೆ ತಂಗಿ ಇರಲಿಲ್ಲ, ಆದ್ದರಿಂದ ಇದು ದೇವರು ತಂಗಿಯನ್ನು ಕೊಡುವ ವಿಷಯ ಎಂದೇ ನಂಬಿದ್ದೆ. ಡಬ್ಬಿ ಇನ್ನೊಬ್ಬನ ಪಾಲಾಯಿತು. ಮನೆಗೆ ಬಂದು ಅತ್ತಾಗ ಅಜ್ಜಿ ಎಲೆ ಕತ್ತರಿಸುವುದನ್ನು ನಿಲ್ಲಿಸದೆಯೇ ಹೇಳಿದರು: ‘ಒಂದು “ವೆ” ಸೇರಿಸಿ ಕುರುಬನನ್ನೇ ಓಡಿಸಿಬಿಟ್ಟೆಯಲ್ಲ ಮಗಾ. ಪಡುವೆನು ಅಂದರೆ ಪಡುತ್ತೇನೆ. ಪಡೆನು ಅಂದರೆ ಪಡುವುದೇ ಇಲ್ಲ.’

ನಾನು ಆಮೇಲೆ ವ್ಯಾಕರಣ ಓದಿ ಇದನ್ನು ನಿಷೇಧರೂಪ ಎಂದು ಮಕ್ಕಳಿಗೆ ಕಲಿಸಿದೆ. ಮಾಡೆನು, ಅರಿಯೆನು, ಒಲ್ಲೆನು ಎಂಬಂತೆ, ‘ಇಲ್ಲ’ ಎಂಬ ಪದವೇ ಇಲ್ಲದೆ ಇಲ್ಲವೆನ್ನುವ ಕನ್ನಡದ ಹಳೆಯ ಬಗೆ. ಅಕ್ಷರ ಬಾರದ ಅಜ್ಜಿ ಅದನ್ನು ಹಿಡಿದದ್ದು ಹೇಗೆ? ಒಂದು ದಿನಕ್ಕೆ ಅದೇ ಮಾತನ್ನು ನಲವತ್ತು ಸಲ ಹೇಳಿದ್ದರಿಂದ. ಬಾಯಿ ಮೊದಲು, ತಲೆ ಆಮೇಲೆ.

ಅದೇ ಸಾಲಿನ ಇನ್ನೊಂದು ಮಾತು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಒಂದೊಂದು ದಿನ ಒಂದೊಂದು ಪದಕ್ಕೆ ಒತ್ತು ಕೊಟ್ಟು ಹೇಳಿಕೊಳ್ಳುವುದು ನನ್ನ ಕ್ರಮ. ಒಂದು ದಿನ ‘ಯೆಹೋವನು’, ಮರುದಿನ ‘ನನಗೆ’. ಆ ಎರಡನೆಯ ದಿನ ಬಸ್ಸಿನಲ್ಲಿ ನಿಂತು ಹೇಳಿಕೊಳ್ಳುತ್ತಿದ್ದಾಗ ನನಗೆ ತಟ್ಟನೆ ಹೊಳೆಯಿತು: ಕನ್ನಡದಲ್ಲಿ ‘ನನ್ನ ಕುರುಬನು’ ಎಂದಿಲ್ಲ, ‘ನನಗೆ ಕುರುಬನು’ ಎಂದಿದೆ. ನಾವು ‘ನನಗೆ’ ಎಂದು ಹೇಳುವುದು ಎಲ್ಲಿ? ‘ಅವರು ನನಗೆ ಮಾವ ಆಗಬೇಕು’, ‘ಇವಳು ನನಗೆ ಅತ್ತಿಗೆ’ ಎನ್ನುವಲ್ಲಿ. ನಂಟಿನ ಮಾತಿನಲ್ಲಿ. ಕುರಿಯನ್ನು ಹತ್ತಿರದಿಂದ ಕಂಡವರೇ ಕಡಿಮೆ ಇರುವ ನಮ್ಮ ಈ ಅಡಿಕೆ ತೋಟಗಳ ನಾಡಿನಲ್ಲಿ ಕುರುಬನೆಂದರೆ ಚಿತ್ರದಲ್ಲಿ ಕಂಡವನು ಮಾತ್ರ. ಆದರೆ ‘ನನಗೆ’ ಎಂಬ ಆ ಒಂದು ಪದದಿಂದ ಅವನು ನಮಗೆ ಸಂಬಂಧದವನಾಗಿಬಿಡುತ್ತಾನೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಅಲ್ಲಿಂದ ಮುಂದೆ ಇದನ್ನು ತಿದ್ದಿದ ಕೈಗಳಲ್ಲಿ ಯಾವ ಕೈ ಈ ‘ನನಗೆ’ಯನ್ನು ಇಟ್ಟಿತೋ, ಅದಕ್ಕೆ ನಾನು ಋಣಿ.

ಇನ್ನು ನಾಲ್ಕನೆಯ ವಚನ. ಬೇಸಿಗೆಯಲ್ಲಿ ನಮ್ಮ ಸುರಂಗದ ಹೂಳು ತೆಗೆಯುವುದನ್ನು ಇಲ್ಲಿರುವ ಹಿರಿಯರು ನೋಡಿದ್ದೀರಿ. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ, ಒಬ್ಬನು ಮಾತ್ರ ನುಸುಳಬಹುದಾದ ದಾರಿ. ಕಾಲಡಿಯಲ್ಲಿ ತಣ್ಣನೆಯ ನೀರು. ಕೈಯಲ್ಲಿ ಮೇಣದ ಬತ್ತಿ, ಅದು ನಂದಿದರೆ ಒಳಗೆ ಗಾಳಿ ಸಾಲದೆಂದು ಲೆಕ್ಕ. ಅಪ್ಪ ಮುಂದೆ, ಬುಟ್ಟಿ ಹಿಡಿದು ನಾನು ಹಿಂದೆ. ತಿರುವಿನಲ್ಲಿ ಅಪ್ಪನ ಬೆಳಕು ಮರೆಯಾದರೆ ನಾನು ಕರೆಯುತ್ತಿದ್ದೆ, ‘ಅಪ್ಪಾ, ಇದ್ದೀರಾ?’ ಈ ಕೀರ್ತನೆಯ ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ ‘ನೀನು’ ಆಗುತ್ತಾನೆ. ಹಸಿರು ಗಾವಲಿನಲ್ಲಿ ಕುಳಿತಾಗ ಅಪ್ಪನ ಬಗ್ಗೆ ಮಾತಾಡುತ್ತೇವೆ, ಕತ್ತಲೆಯಲ್ಲಿ ಅಪ್ಪನನ್ನೇ ಕರೆಯುತ್ತೇವೆ. ಇದನ್ನು ಯಾವ ವ್ಯಾಖ್ಯಾನದಿಂದಲೂ ನಾನು ಕಲಿಯಲಿಲ್ಲ. ನಂತರ ವ್ಯಾಖ್ಯಾನಗಳಲ್ಲಿ ಕಂಡಾಗ ನನ್ನ ಸುರಂಗಕ್ಕೆ ಬೇರೆಯವರೂ ಬಂದು ಹೋಗಿದ್ದಾರೆ ಎಂದು ಸಂತೋಷವಾಯಿತು.

ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕ್ರೈಸ್ತ ಸನ್ಯಾಸಿ ವಚನವನ್ನು ಧ್ಯಾನಿಸುವ ಈ ಕೆಲಸವನ್ನು ಊಟಕ್ಕೆ ಹೋಲಿಸಿದ್ದಾನೆ: ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹೀರುತ್ತದೆ, ಕೊನೆಯ ಮೆಟ್ಟಿಲಾದ ದೇವರಲ್ಲಿ ತನ್ಮಯತೆ ಆ ಸವಿಯೇ. ನಮ್ಮ ಕನ್ನಡದಲ್ಲಿ ಇದಕ್ಕೆ ಹೋಲಿಕೆಯೇ ಬೇಡ. ‘ಮೆಲುಕು’ ಎಂದರೆ ಹಸುವಿನದ್ದೂ ಹೌದು, ಮನಸ್ಸಿನದ್ದೂ ಹೌದು. ಆದರೆ ಮೇಯದೆ ಮೆಲುಕು ಹಾಕಿದ ಹಸುವನ್ನು ಯಾರೂ ನೋಡಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಕಲಾವಿದರು ಕುಳಿತು ಮಾತಿನಲ್ಲೇ ಅರ್ಥ ಹೇಳುವ ತಾಳಮದ್ದಳೆಯ ನಾಡಿನವರಾದ ನಮಗೆ ಇದನ್ನು ವಿವರಿಸಬೇಕೆ? ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಿದವರು ಇಲ್ಲಿದ್ದೀರಿ. ಭಾಗವತರು ಹಾಡಿದ ಪದ್ಯ ಕೈಯಲ್ಲಿದ್ದರೆ ಮಾತ್ರ ಅರ್ಥ ಎಷ್ಟು ದೂರ ಹೋದರೂ ಮನೆಗೆ ತಿರುಗಿ ಬರುತ್ತದೆ. ಪದ್ಯ ಬಿಟ್ಟವನ ಅರ್ಥ ಬರಿಯ ಮಾತುಗಾರಿಕೆ. ಅರ್ಥ ಬಾರದವನ ಪದ್ಯ ಇಂದು ಬೆಳಿಗ್ಗೆ ನಾವು ಕೇಳಿದ ಹಾಗೆ.

ಕ್ರಮದ ಬಗ್ಗೆ ಕೆಲವರು ಕೇಳಿದ್ದೀರಿ. ನನ್ನದು ಬಹಳ ಸಣ್ಣ ಕ್ರಮ. ವಾರಕ್ಕೆ ಎರಡು ವಚನಕ್ಕಿಂತ ಹೆಚ್ಚು ಬೇಡ. ಒಂದು ನೋಟು ಪುಸ್ತಕದಲ್ಲಿ ಪ್ರತಿ ಪದದ ಮೊದಲ ಅಕ್ಷರವನ್ನು ಮಾತ್ರ ಬರೆಯುತ್ತೇನೆ: ಯೆ, ನ, ಕು, ಕೊ. ಅದನ್ನು ನೋಡಿ ಹೇಳುವುದು. ಪೂರ್ತಿ ನೋಡಿದರೆ ಅದು ಓದು, ಏನೂ ನೋಡದಿದ್ದರೆ ಮೊದಮೊದಲು ಊಹೆ. ಕಲಿತದ್ದನ್ನು ಮರುದಿನ, ಎರಡು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಕೇಳಿಕೊಳ್ಳುತ್ತೇನೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ ಎಂದು 1885ರಲ್ಲಿ ಪ್ರಕಟಿಸಿದನು. ರಾತ್ರಿ ಕಲಿತದ್ದನ್ನು ಬೆಳಿಗ್ಗೆಯೇ ಕೇಳುತ್ತಿದ್ದ ಅಜ್ಜಿಗೆ ಅವನ ಹೆಸರು ಗೊತ್ತಿರಲಿಲ್ಲ. ಮೊಬೈಲಿನಲ್ಲಿ ದಿನಕ್ಕೊಂದು ವಚನ ಬರುತ್ತದೆ ಎನ್ನುತ್ತೀರಿ. ಬರುತ್ತದೆ, ಹಾಗೆಯೇ ಹೋಗುತ್ತದೆ. ಹೆಬ್ಬೆರಳಿಗೆ ಬಾಯಿ ಇಲ್ಲ.

ವಚನದ ಸಂಖ್ಯೆಯನ್ನು ತಪ್ಪಿಲ್ಲದೆ ಹೇಳಬೇಕೆಂದು ಮಕ್ಕಳನ್ನು ಹಿಂಸಿಸಬೇಡಿ. ಅದು ಮನೆ ನಂಬ್ರ ಮಾತ್ರ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳನ್ನು ಪ್ಯಾರಿಸಿನ ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದ್ದು 1551ರಲ್ಲಿ. ಪೌಲನಿಗೆ ತಾನು ಫಿಲಿಪ್ಪಿಯವರಿಗೆ 4:13 ಬರೆಯುತ್ತಿದ್ದೇನೆಂದು ತಿಳಿದಿರಲಿಲ್ಲ. ನಂಬ್ರ ಬಂದ ಮೇಲೆಯೇ ವಚನಗಳನ್ನು ಬಿಡಿಬಿಡಿಯಾಗಿ ಕಿತ್ತು ಜೇಬಿಗೆ ಹಾಕುವ ಅಭ್ಯಾಸ ಬೆಳೆದದ್ದು. ಹೊಸವರ್ಷದ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11 ಬಂದರೆ ಎಲ್ಲರಿಗೂ ಸಂತೋಷ. ಅದರ ಹಿಂದಿನ ವಚನದಲ್ಲಿ ಬಾಬೆಲಿನಲ್ಲಿ 70 ವರ್ಷ ಎಂದಿದೆ, ಅದನ್ನು ಕಾರ್ಡಿನಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ಅಡವಿಯಲ್ಲಿ ಯೇಸುವಿನ ಮುಂದೆ ನಿಂತ ಸೈತಾನನಿಗೂ 91ನೆಯ ಕೀರ್ತನೆ ಬಾಯಿಪಾಠ ಬರುತ್ತಿತ್ತು. ‘ನಿನ್ನ ಎಲ್ಲಾ ಮಾರ್ಗಗಳಲ್ಲಿ’ ಎಂಬುದನ್ನು ಮಾತ್ರ ಅವನು ಬಿಟ್ಟು ಹೇಳಿದ. ಸ್ಪರ್ಧೆಯಾಗಿದ್ದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ ಆರು ಮತ್ತು ಎಂಟನೆಯ ಅಧ್ಯಾಯಗಳವು, ಒಂದೇ ಹೊಲದ ಬೆಳೆ. ಆದ್ದರಿಂದ ಬಿಡಿ ವಚನ ಬೇಡ, ಇಡೀ ಕೀರ್ತನೆ ಕಲಿಯಿರಿ, ಸಣ್ಣದಾದರೂ ಸರಿ.

ಅಯ್ಯನವರು ಗಡಿಯಾರ ನೋಡುತ್ತಿದ್ದಾರೆ, ಅಡುಗೆಯವರೂ ಎರಡು ಸಲ ಬಾಗಿಲಿಗೆ ಬಂದು ಹೋದರು. 119ನೆಯ ಕೀರ್ತನೆಯ ವಿಷಯ ಹೇಳಬೇಕೆಂದಿದ್ದೆ. 176 ವಚನ, ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಎಂಟೆಂಟರಂತೆ, ಬಾಯಿಪಾಠಕ್ಕೆ ಒಳ್ಳೆಯ ಆಸರೆಯಾಗುವ ಹೆಣಿಗೆ. ಅದು ಇನ್ನೊಮ್ಮೆ. ಹಾಡಿ ಕಲಿಯುವ ವಿಷಯವೂ ಉಳಿಯಿತು. ಮುಪ್ಪಿನಲ್ಲಿ ಹೊಸತನ್ನು ಕಲಿಯಬಹುದೇ ಎಂದು ಒಬ್ಬರು ಚೀಟಿ ಕಳುಹಿಸಿದ್ದಾರೆ: ಬಹುದು, ನಿಧಾನ.

ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ವರ್ಷದ ಸ್ಪರ್ಧೆಗೆ ಒಂದೇ ಒಂದು ಕೀರ್ತನೆ ಇಡಿ, 131ನೆಯದು. ಮೂರೇ ವಚನ. ಅದರಲ್ಲಿ ಮೊಲೆಬಿಟ್ಟ ಕೂಸು ತಾಯಿಯ ಹತ್ತಿರ ಸುಮ್ಮನಿರುವ ಮಾತು ಬರುತ್ತದೆ. ಒಪ್ಪಿಸಿದ ಮೇಲೆ ಪ್ರತಿ ಮಗುವಿಗೂ ಒಂದು ಪ್ರಶ್ನೆ ಕೇಳೋಣ: ಹಾಲು ಬಿಟ್ಟ ಮೇಲೂ ಆ ಕೂಸು ತಾಯಿಯ ಹತ್ತಿರ ಯಾಕೆ ಇದೆ? ನನಗೂ ಒಂದು ವರ್ಷ ಸಮಯ ಸಿಗುತ್ತದೆ. ಪೆನ್ಸಿಲ್ ಡಬ್ಬಿಯ ಖರ್ಚು ನನ್ನದು.