ಲಾವಾ ಕಾಣಲ್ಲ ಅಂತ ಮೈಮರೀಬೇಡಿ, ಕೊಲ್ಲೋದು ಹಬೆ

ನಮಸ್ಕಾರ ಮೈಸೂರು, ನಮಸ್ಕಾರ ಮಂಡ್ಯ. ಇವತ್ತು ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟೆ. ಇಂಡೋನೇಷ್ಯಾ ಎಪಿಸೋಡ್ ಕೆಳಗೆ ಒಂದು ಕಾಮೆಂಟ್ ಬಂದಿದೆ: "ಬ್ರೋಮೋದಲ್ಲಿ ಬರೀ ಹೊಗೆ ಸರ್, ಲಾವಾ ಎಲ್ಲೂ ಇಲ್ಲ, ಆರಾಮಾಗಿ ಹೋಗ್ಬಹುದು." ಬ್ರೋಮೋ ಅಂದ್ರೆ ಅಲ್ಲಿನ ಜಾವಾ ದ್ವೀಪದ ಒಂದು ಜ್ವಾಲಾಮುಖಿ. ಆ ಕಾಮೆಂಟಿಗೆ ಲೈಕ್ ಮೇಲೆ ಲೈಕ್.

ಸ್ವಾಮಿ, ಅದು ಹೊಗೆ ಅಲ್ಲ. ಬಹುಪಾಲು ನೀರಿನ ಹಬೆ, ಜೊತೆಗೆ ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಡೈಆಕ್ಸೈಡ್. ಲಾವಾ ಬಹುತೇಕ ಕಡೆ ನಿಧಾನಕ್ಕೆ ಹರಿಯುತ್ತೆ, ನಡ್ಕೊಂಡೇ ದೂರ ಹೋಗ್ಬಹುದು. ಹಬೆ ಆ ಅವಕಾಶ ಕೊಡಲ್ಲ. ಮಳೆ ನೀರು ಬೆಟ್ಟದೊಳಗೆ ಇಳಿದು ಬಿಸಿ ಬಂಡೆಗಳ ಮಧ್ಯ ಸಿಕ್ಕಿಹಾಕ್ಕೊಂಡಿರುತ್ತೆ. ಒತ್ತಡದಲ್ಲಿರೋದ್ರಿಂದ ನೂರು ಡಿಗ್ರಿ ದಾಟಿದ್ರೂ ಕುದಿಯಲ್ಲ. ಎಲ್ಲೋ ಒಂದು ಬಿರುಕು ಬಿಡ್ತು ಅನ್ನಿ, ಒಂದೇ ಏಟಿಗೆ ಆವಿ. ಒಂದು ಲೋಟ ನೀರಿಗೆ ಸುಮಾರು 1,600 ಲೋಟದಷ್ಟು ಜಾಗ ಬೇಕು. ಆ ಜಾಗ ಮಾಡ್ಕೊಳ್ಳೋಕೆ ಬಂಡೆಯನ್ನೇ ಒಡೆದು ಎಸೆಯುತ್ತೆ. ಇದಕ್ಕೆ ಹೊಸ ಶಿಲಾಪಾಕ, ಅಂದ್ರೆ ಭೂಮಿಯೊಳಗೆ ಕರಗಿರೋ ಬಂಡೆ, ಮೇಲೆ ಬರಬೇಕು ಅಂತೇನಿಲ್ಲ, ಅದಕ್ಕೇ ಉಪಕರಣಗಳಿಗೂ ಸುಳಿವು ಸಿಗೋದು ಕಷ್ಟ.

ಜಪಾನಿನ ಒಂಟಾಕೆ ಜ್ವಾಲಾಮುಖಿ, 2014ರ ಸೆಪ್ಟೆಂಬರ್ 27. ಶನಿವಾರ, ಎಲೆ ಬಣ್ಣ ತಿರುಗೋ ಕಾಲ, ಮಧ್ಯಾಹ್ನ ಹನ್ನೆರಡಾಗೋಕೆ ಸ್ವಲ್ಪ ಮುಂಚೆ, ತುದಿ ತುಂಬ ಜನ. ಎಚ್ಚರಿಕೆ ಮಟ್ಟ 1, ಅಂದ್ರೆ ಅತಿ ಕಡಿಮೆ. ಸತ್ತವರು, ಸಿಗದೇ ಹೋದವರು ಸೇರಿ 63 ಜನ. ಲಾವಾ? ಒಂದು ತೊಟ್ಟೂ ಬರಲಿಲ್ಲ. ಹಬೆ ಎಸೆದ ಕಲ್ಲು ತಲೆಗೆ ಬಿದ್ದೇ ಹೆಚ್ಚು ಜನ ಹೋದ್ರು.

"ಗೈಡ್ ಇರ್ತಾರಲ್ಲ ಸರ್?" ನ್ಯೂಜಿಲೆಂಡಿನ ವಕಾರಿ ಜ್ವಾಲಾಮುಖಿ ದ್ವೀಪ, 2019ರ ಡಿಸೆಂಬರ್ 9. ದ್ವೀಪದಲ್ಲಿ 47 ಜನ, ಸತ್ತಿದ್ದು 22. ಅದರಲ್ಲಿ ಇಬ್ಬರು ಗೈಡ್‌ಗಳೇ. ಮತ್ತೆ ಹೇಳ್ತೀನಿ, ಅದೂ ಹಬೆಯೇ.

"ಪ್ರತಿ ಭಾನುವಾರ ಚಾಮುಂಡಿ ಬೆಟ್ಟ ಸಾವಿರ ಮೆಟ್ಟಿಲು ಹತ್ತೋರು ನಾವು, ಬ್ರೋಮೋದ 250 ಮೆಟ್ಟಿಲು ಯಾವ ಲೆಕ್ಕ?" ಅಂತ ಇನ್ನೊಬ್ರು. ನಿಮ್ಮ ಕಾಲಿನ ಶಕ್ತಿ ಯಾರು ಕೇಳಿದ್ರು? ಮೇಲೆ ಹೋಗಿ ಎಷ್ಟು ಹೊತ್ತು ನಿಲ್ತೀರ, ಪ್ರಶ್ನೆ ಅದು. 2004ರಲ್ಲಿ ಇದೇ ಬ್ರೋಮೋ ಸಿಡಿದು ಇಬ್ರು ಸತ್ತಿದಾರೆ. ಜ್ವಾಲಾಮುಖಿ ಬಾಯಿಯ ಅಂಚಲ್ಲಿ ಕೂತು ಬಿಸ್ಕತ್ತು ತಿನ್ನೋದು, ಡ್ರೋನ್ ಹಾರಿಸೋದು, ಇದೆಲ್ಲ ಬಿಡಿ. ನೋಡಿ, ಒಂದು ಫೋಟೋ ತೆಗೀರಿ, ಹತ್ತು ನಿಮಿಷದಲ್ಲಿ ಇಳೀರಿ.

ಹೊರಡೋ ಹಿಂದಿನ ಸಂಜೆ ಮ್ಯಾಗ್ಮಾ ಇಂಡೋನೇಷ್ಯಾ ಅನ್ನೋ ಅಲ್ಲಿನ ಸರ್ಕಾರಿ ಜಾಲತಾಣ ತೆಗೀರಿ. ಎಚ್ಚರಿಕೆಗೆ ನಾಲ್ಕು ಮಟ್ಟ ಇದೆ, ಆದ್ರೆ ಮಟ್ಟಕ್ಕಿಂತ ಮುಖ್ಯ, ಬಾಯಿಂದ ಎಷ್ಟು ಕಿಲೋಮೀಟರ್ ದೂರ ಇರಬೇಕು ಅಂತ ಬರೆದಿರೋ ಸಾಲು. ಸುಮಾತ್ರಾದ ಮರಾಪಿ ಎರಡನೇ ಮಟ್ಟದಲ್ಲೇ ಇತ್ತು, 3 ಕಿಲೋಮೀಟರ್ ಒಳಗೆ ಹೋಗ್ಬೇಡಿ ಅಂತ ಹೇಳಿದ್ರು. ಆದ್ರೂ ಹತ್ತಿದ್ರು. 2023ರ ಡಿಸೆಂಬರಲ್ಲಿ ಅದು ಸಿಡಿದು 24 ಜನ ಸತ್ರು.

ಹೆಲ್ಮೆಟ್ ಹಾಕಿ, ಬೈಕಿಂದಾದ್ರೂ ಸರಿ, ಬರಿತಲೆಗಿಂತ ವಾಸಿ. ಕಾಂಟ್ಯಾಕ್ಟ್ ಲೆನ್ಸ್ ರೂಮಲ್ಲೇ ಬಿಡಿ, ಬೂದಿ ಅಂದ್ರೆ ಗಾಜು ಮತ್ತು ಕಲ್ಲಿನ ಪುಡಿ, ಕಣ್ಣು ಉಜ್ಜಿದ್ರೆ ಗೀರುತ್ತೆ. ಎನ್-95 ಮಾಸ್ಕ್ ಬೂದಿ ತಡೆಯುತ್ತೆ, ಗ್ಯಾಸ್ ತಡೆಯಲ್ಲ. ಸಲ್ಫರ್ ಗ್ಯಾಸಿಗೆ ಆಮ್ಲ ಅನಿಲ ತಡೆಯೋ ಕಾರ್ಟ್ರಿಡ್ಜ್, ಅಂದ್ರೆ ಫಿಲ್ಟರ್ ಡಬ್ಬಿ, ಇರೋ ಮಾಸ್ಕೇ ಬೇಕು. ಗಾಳಿ ಎಲ್ಲಿಂದ ಬೀಸುತ್ತೋ ಆ ಕಡೆ ನಿಲ್ಲಿ. ತಗ್ಗಿನಲ್ಲಿ ಕೂರಬೇಡಿ, ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ವಾಸನೆ ಇಲ್ಲದೆ ಅಲ್ಲೇ ತುಂಬ್ಕೊಳ್ಳುತ್ತೆ. ಉಬ್ಬಸ ಇರೋರು ಕೆಳಗಿಂದಲೇ ನೋಡಿ. ಸಿಡಿದೇಬಿಡ್ತು ಅಂದ್ರೆ ದೊಡ್ಡ ಬಂಡೆಯ ಮರೆಗೆ ಹೋಗಿ, ಬ್ಯಾಗು ತಲೆ ಮೇಲೆ. ಮೊಬೈಲ್ ಎತ್ತಬೇಡಿ.

"ಅಷ್ಟು ಭಯ ಇದ್ರೆ ಮನೇಲೇ ಇರಿ" ಅಂತ ಬರೀತೀರ, ಗೊತ್ತು. ಬರೀರಿ. ಹೋಗ್ಬೇಡಿ ಅಂತ ನಾನೆಲ್ಲಿ ಹೇಳ್ದೆ? ಹೋಗಿ, ಭೂಮಿ ಮೇಲೆ ಅಂಥ ನೋಟ ಇನ್ನೊಂದಿಲ್ಲ. ಹಬೆಯನ್ನ ಹೊಗೆ ಅನ್ಬೇಡಿ, ಅಷ್ಟೇ ಕಣ್ರೀ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮದುವೆ ಆಗಿ ಬಾಲಿಗೆ ಹೊರಟಿರೋ ಜೋಡಿಗಳಿಗೆ ಇದನ್ನ ಕಳಿಸಿ. ಟಿಕೆಟ್ ಆಗಿರೋರು ಬೆಟ್ಟದ ಹೆಸರು, ತಾರೀಖು ಕಾಮೆಂಟಲ್ಲಿ ಹಾಕಿ. ಆ ವಾರದ ಮಟ್ಟ ಎಷ್ಟು, ಎಷ್ಟು ದೂರ ನಿಲ್ಲಬೇಕು ಅಂತ ಅಲ್ಲೇ ಉತ್ತರ ಹಾಕ್ತೀನಿ.