ಕಂತಿನಲ್ಲಿ ಕೊಯ್ಯುವ ನೂಲು

ನಮಸ್ಕಾರ. ಕೇರಳದ ಕುಂಬಳೆಯಲ್ಲಿ ಬಸ್ ಹತ್ತಿ, ಕಿಟಕಿ ಪಕ್ಕ ಕೂತು ಮಂಗಳೂರು ತನಕ ಬೋರ್ಡುಗಳನ್ನು ಓದುತ್ತಾ ಹೋಗಿ. ಮೂಲವ್ಯಾಧಿ, ಪೈಲ್ಸ್, ಫಿಸ್ಟುಲಾ. ಒಮ್ಮೆ ಮಲಯಾಳದಲ್ಲಿ, ಒಮ್ಮೆ ಕನ್ನಡದಲ್ಲಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಆಪರೇಷನ್ ಇಲ್ಲದೆ'. ನನ್ನ ಸಿಟ್ಟು ಆ ಎರಡು ಪದಗಳ ಮೇಲೆ.

ಕ್ಷಾರಸೂತ್ರದ ಮೇಲಲ್ಲ. ಫಿಸ್ಟುಲಾ ಅಂದರೆ ಮಲದ್ವಾರದ ಒಳಗಿಂದ ಪಕ್ಕದ ಚರ್ಮಕ್ಕೆ ಆಗುವ ಸುರಂಗದಂಥ ಹುಣ್ಣು. ಅದಕ್ಕೆ ಕಟ್ಟುವ ಔಷಧದ ನೂಲೇ ಕ್ಷಾರಸೂತ್ರ. ಅದನ್ನು ನಾನೇ ಕಟ್ಟಿಸಿಕೊಂಡವನು.

ಆ ನೂಲು ಏನು ಗೊತ್ತಾ? ಗಟ್ಟಿ ಲಿನನ್ ದಾರ. ಅದಕ್ಕೆ ಎಲೆಗಳ್ಳಿ ಹಾಲು ಬಳಿದು ಒಣಗಿಸುತ್ತಾರೆ, 11 ಸಲ. ಆಮೇಲೆ ಅದೇ ಹಾಲಿನ ಜೊತೆ ಉತ್ತರಾಣಿ ಗಿಡ ಸುಟ್ಟು ತೆಗೆದ ಕ್ಷಾರ, 7 ಸಲ. ಕೊನೆಗೆ ಅದೇ ಕಳ್ಳಿ ಹಾಲು, ಅರಿಶಿನ, 3 ಸಲ. ಕಳ್ಳಿ ಹಾಲು ಮುಟ್ಟಬೇಡ ಅಂತ ಚಿಕ್ಕಂದಿನಲ್ಲಿ ಬೈಸಿಕೊಂಡವರಿಗೆ ಇದು ಸುಮ್ನೆ ದಾರ ಅಲ್ಲ ಅಂತ ಅರ್ಥವಾಗುತ್ತದೆ. 11ನೇ ಶತಮಾನದ ಚಕ್ರದತ್ತ ಎಂಬ ಆಯುರ್ವೇದ ಗ್ರಂಥದಲ್ಲೇ ಇಂಥ ನೂಲಿನ ಮಾತಿದೆ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಅದನ್ನು ಮತ್ತೆ ಬಳಕೆಗೆ ತಂದರು.

ವೈದ್ಯರು ಫಿಸ್ಟುಲಾದ ಸುರಂಗದೊಳಗೆ ಕಡ್ಡಿ ತೂರಿಸಿ ನೂಲು ಎಳೆದು ಗಂಟು ಹಾಕುತ್ತಾರೆ. ಅದು ವಾರಕ್ಕೆ ಒಂದು ಸೆಂಟಿಮೀಟರಿನಷ್ಟು ಕೊಯ್ಯುತ್ತದೆ, ಕೊಯ್ದ ಜಾಗ ಹಿಂದಿನಿಂದ ಮಾಯುತ್ತಾ ಬರುತ್ತದೆ. ಮಲದ್ವಾರದ ಸ್ನಾಯುವನ್ನು ಒಂದೇ ಏಟಿಗೆ ಕತ್ತರಿಸುವುದಿಲ್ಲ, ಇದರ ಜಾಣತನ ಇರುವುದೇ ಅಲ್ಲಿ. ಆದರೆ ಇದೂ ಆಪರೇಷನ್ನೇ ಅಲ್ವಾ? ಕಂತಿನಲ್ಲಿ ಮಾಡುವ ಆಪರೇಷನ್. ಮೊದಲ ರಾತ್ರಿಯ ಉರಿ ನಾನು ಮರೆತಿಲ್ಲ. ಬಿಸಿನೀರಿನ ಟಬ್ಬಿನಲ್ಲಿ ಕೂತೇ ಬೆಳಗು ಮಾಡಿದೆ.

ಹಾಗಂತ ಕೆಲಸ ಮಾಡುವುದಿಲ್ಲವೇ? ಮಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 1991ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಸರ್ಜರಿ ಆದವರಲ್ಲಿ ನೂರಕ್ಕೆ 11 ಮಂದಿಗೆ ಕಾಯಿಲೆ ಮರಳಿತು, ನೂಲಿನವರಲ್ಲಿ 4 ಮಂದಿಗೆ. ಆದರೆ ಗಾಯ ಮಾಯಲು ಸರ್ಜರಿಗೆ 4 ವಾರ, ನೂಲಿಗೆ 8 ವಾರ. ಬೋರ್ಡಿನಲ್ಲಿ ಈ ಎಂಟು ವಾರ ಕಾಣುವುದೇ ಇಲ್ಲ.

ನಾನು ಹೋದದ್ದು ಮಂಗಳೂರಿಗೆ. ನಮ್ಮೂರ ಹತ್ತಿರವೇ ವೈದ್ಯರಿದ್ದರು. ಆದರೆ ಆ ಜಾಗದ ಬಗ್ಗೆ ಮಲಯಾಳದಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮನೆಯಲ್ಲಿ ಕನ್ನಡದಲ್ಲೂ ಹೇಳಿರಲಿಲ್ಲ ಬಿಡಿ, ಸೊಂಟನೋವು ಅಂದಿದ್ದೆ. ನಾಲ್ಕನೇ ನೂಲು ಮೈಯಲ್ಲಿದ್ದಾಗ 2020ರ ಮಾರ್ಚ್ ಬಂತು, ಲಾಕ್‌ಡೌನಿಗೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿತು. ವಾರ ವಾರ ಹಳೆ ನೂಲಿಗೆ ಹೊಸದನ್ನು ಕಟ್ಟಿ ಎಳೆಯಬೇಕು. ಇಲ್ಲದಿದ್ದರೆ ಕ್ಷಾರ ಮುಗಿದು, ಗಂಟು ಸಡಿಲಾಗಿ, ಅದು ಬರೀ ದಾರ. ಎರಡು ತಿಂಗಳು ಆ ಬರೀ ದಾರ ಇಟ್ಟುಕೊಂಡು ಓಡಾಡಿದೆ.

ಮೊನ್ನೆ ಒಂದು ಬೋರ್ಡಿನ ನಂಬರಿಗೆ ಫೋನ್ ಮಾಡಿದೆ.
"ಎಷ್ಟು ದಿನದ ಚಿಕಿತ್ಸೆ?"
"ಒಂದೇ ದಿನ ಸಾರ್. ನೂಲು ಕಟ್ಟಿ ಕಳಿಸುತ್ತೇವೆ."
"ಬದಲಿಸುವುದು?"
"ಅದಕ್ಕೆ ಆಮೇಲೆ ಬರಬೇಕಾಗುತ್ತದೆ."
"ಎಷ್ಟು ಸಲ?"
ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವು ಮೊದಲು ಬನ್ನಿ ಸಾರ್" ಅಂದರು.