ಬೋಟ್ ತಗೊಳ್ಳೂ ಮೊದಲು ನೀರಿನ ತಳ ನೋಡ್ರಿ

ನಮಸ್ಕಾರ್ರೀ. ಇವತ್ತು ಮನ್ಯಾಗ ಕುಂತು ಮಾತಾಡಾಕತ್ತಿಲ್ಲ, ಹಿನ್ನೀರಿನ ದಂಡಿಗೆ ಬಂದೀನಿ. ಹಿಂದ ಕಾಣೂದು ಘಟಪ್ರಭಾ. ಆಲಮಟ್ಟಿ ಡ್ಯಾಮ್ 519.60 ಮೀಟರ್ ತುಂಬಿತಂದ್ರ ನೀರು ಹಿಂದ ಸರದು ಇಲ್ಲೀತನಕ ಬಂದು ನಿಲ್ತೈತಿ. ಹಳೇ ಬಾಗಲಕೋಟಿಯ ಎಷ್ಟೋ ಓಣಿ ಈ ನೀರಾಗ ಹೋಗ್ಯಾವು. ಅದು ನಿಮಗೆಲ್ಲಾ ಗೊತ್ತಿರೂ ಮಾತ. ಆದ್ರ ಗಾಳಿ ತುಂಬೂ ಬೋಟ್ ತಗೋಬೇಕು, ಅದರ ಮ್ಯಾಲ ಕುಂತು ಗಾಳ ಹಾಕಬೇಕು ಅನ್ನೋ ಹುಡುಗರು ಈ ಮಾತು ಮರೀತಾರ. ನಾನೂ ಮರತಿದ್ದೆ.

ಪಾಂಟೂನ್ ಬೋಟ್ ಅಂದ್ರ ಏನಂತ ಒಂದ ಮಾತಿನ್ಯಾಗ ಹೇಳ್ತೀನಿ. ಆ ಕಡೆ ಒಂದು, ಈ ಕಡೆ ಒಂದು ಉದ್ದನ್ನ ಗಾಳಿ ಟ್ಯೂಬು, ಎಂಟು ಒಂಬತ್ತು ಅಡಿ. ನಡುವ ಕಬ್ಬಿಣದ್ದೋ ಅಲ್ಯೂಮಿನಿಯಂದೋ ಚೌಕಟ್ಟು, ಅದರ ಮ್ಯಾಲ ಕುರ್ಚಿ, ಎರಡೂ ಬಾಜೂಕ ಹುಟ್ಟು. ಒಬ್ಬರು ಆರಾಮ ಕುಂತು ಕಾಲು ಕೆಳಗ ಬಿಟ್ಟು ಮೀನ ಹಿಡೀಬಹುದು. ಬಿಚ್ಚಿ ಮಡಚಿದ್ರ ಕಾರಿನ ಡಿಕ್ಕಿಯೊಳಗ ಹೋಗತೈತಿ. ಭಾಳ ಛಲೋ ಸಾಮಾನ. ನಾ ಬ್ಯಾಡ ಅನ್ನಾಕತ್ತಿಲ್ರೀ.

ನಾನು ಮೊದಲ ಸಲ ತಗೊಂಡಾಗ ನೋಡಿದ್ದು ಎರಡ ಸಂಗತಿ. ರೇಟ್ ಎಷ್ಟು, ಎಷ್ಟು ಕಿಲೋ ತಡೀತೈತಿ. ಟ್ಯೂಬಿನೊಳಗ ಎಷ್ಟು ಕೋಣಿ ಅದಾವು ಅಂತ ಕೇಳಲೇ ಇಲ್ಲ. ಒಂದೊಂದು ಟ್ಯೂಬಿಗೆ ಒಂದ ಗಾಳಿ ಚೀಲ ಇತ್ತು, ಅಷ್ಟ. ದಂಡಿಯಿಂದ ಭಾಳ ದೂರ ಹೋಗಿರಲಿಲ್ಲ, ಎಡಗಡೆ ಸುಸ್ ಅಂತ ಸಪ್ಪಳ ಬಂತು. ನೀರಾಗ ಗುಳ್ಳಿ ಏಳಾಕ ಹತ್ತಿದ್ವು. ನೋಡ್ನೋಡೂದ್ರಾಗ ಎಡ ಟ್ಯೂಬು ಮೆತ್ತಗಾತು, ಕುರ್ಚಿ ವಾಲಿತು, ಸೊಂಟದ ಮಟ ನೀರು. ಬುಟ್ಟಿ ದೋಣಿ ತಗೊಂಡು ಬಲಿ ಬಿಡಾಕ ಬಂದಿದ್ದ ಒಬ್ಬ ಅಂಬಿಗರ ಕಾಕಾ ನೋಡಿ ಹಗ್ಗ ಒಗದು ಎಳಕೊಂಡು ಬಂದ. ಬೈಲಿಲ್ಲ. "ತಮ್ಮಾ, ಇದರ ಕೆಳಗ ಜಾಲಿ ಕಂಟಿ ಐತಿ, ಹಳೇ ಗ್ವಾಡಿ ಐತಿ. ನಾವು ದಾರಿ ಗೊತ್ತಿದ್ದಲ್ಲೆ ಅಷ್ಟ ಬುಟ್ಟಿ ಒಯ್ತೀವಿ" ಅಂದ.

ಮನಿಗೆ ಬಂದು ಒಳಗಿನ ಚೀಲಕ್ಕ ಪ್ಯಾಚ್ ಹಚ್ಚಿದೆ. ಒಂದಿನ ಒಣಗಾಕ ಬಿಟ್ಟು ಗಾಳಿ ತುಂಬಿದೆ. ಮತ್ತ ಸುಸ್. ಯಾಕಂದ್ರ ಮುಳ್ಳಿನ ತುದಿ ಹೊರಗಿನ ಬಟ್ಟಿಯೊಳಗ ಮುರಕೊಂಡು ಕುಂತಿತ್ತು, ಅಕ್ಕಿಕಾಳಿನಷ್ಟು. ಸೈಕಲ್ ಪಂಕ್ಚರ್ ತಿದ್ದೋ ಅಣ್ಣ ಟ್ಯೂಬ್ ಹಾಕೂ ಮೊದಲು ಟೈರಿನೊಳಗ ಬೆರಳು ಆಡಸ್ತಾನಲ್ಲ, ಅದನ್ನ ನಾ ಮಾಡಿರಲಿಲ್ಲ. ನೀವು ಮಾಡ್ರಿ. ಬಳ್ಳಾರಿ ಜಾಲಿ ಮುಳ್ಳು ಬಟ್ಟಿಯೊಳಗ ಉಳದಿದ್ರ ಹತ್ತು ಪ್ಯಾಚ್ ಹಚ್ಚಿದ್ರೂ ಉಪಯೋಗಿಲ್ಲ.

ಅದಕ್ಕ ನಾ ಹೇಳೂದು ಇಷ್ಟ. ನಮ್ಮ ನೀರಾಗ ಬೋಟ್ ಆರಿಸೂದು ಹೋಗೂ ಸಲುವಾಗಿ ಅಲ್ಲ, ತಿರುಗಿ ಬರೂ ಸಲುವಾಗಿ. ಒಂದ ಚೀಲ ಒಡದ್ರೂ ದಂಡಿ ಮುಟ್ಟಸ್ತೈತೇನು ಅಂತ ಮೊದಲು ಕೇಳ್ರಿ. ಒಂದೊಂದು ಟ್ಯೂಬಿನೊಳಗ ಎರಡರೆ ಕೋಣಿ ಇರಬೇಕು. ಇಲ್ಲಂದ್ರ ಆ ಬೋಟ್ ಎಷ್ಟ ಸಸ್ತಾ ಸಿಕ್ಕರೂ ನಾ ಒಪ್ಪೂದಿಲ್ಲ.

ಆಮ್ಯಾಲ ಬಟ್ಟಿ. ಡೀನಿಯರ್ ಅಂತ ಒಂದು ಲೆಕ್ಕ ಬರದಿರ್ತಾರ, ನೂಲು ಎಷ್ಟು ದಪ್ಪ ಅನ್ನೋ ಲೆಕ್ಕ ಅದು. 420 ಇದ್ದದ್ದು ಸ್ವಚ್ಛ ತಳದ ಕೆರಿಗೆ ನಡೀತೈತಿ. ನಮಗ 1000ದ ಹತ್ರ ಇರಲಿ, ಅದೂ ತಳಭಾಗಕ್ಕ ದಪ್ಪ ಪಿವಿಸಿ ಹೊದಿಕಿ ಇರಲಿ. ಹೈಪಲಾನ್ ಅನ್ನೋ ರಬ್ಬರಿಂದು ಸಿಕ್ಕರ ಬಿಸಲಿಗೆ ಇನ್ನೂ ಹೆಚ್ಚು ಬಾಳತೈತಿ, ಆದ್ರ ರೊಕ್ಕ ಜಾಸ್ತಿ.

ಬಿಸಲು ಅಂದ್ನೆಲ್ಲ, ಈ ಮಾತು ಕಿವಿಗೊಟ್ಟು ಕೇಳ್ರಿ. ಪಿಎಸ್ಐ ಅಂದ್ರ ಗಾಳಿ ಒತ್ತಡ ಅಳಿಯೂ ಲೆಕ್ಕ. ನಸುಕಿನ ತಂಪಿನ್ಯಾಗ 3 ಪಿಎಸ್ಐ ತುಂಬಿದ ಟ್ಯೂಬು, ಒಳಗಿನ ಗಾಳಿ 20 ಡಿಗ್ರಿ ಕಾದ್ರ 4 ದಾಟತೈತಿ. ನೀರಾಗ ಇದ್ರ ನೀರ ತಂಪು ಇಡತೈತಿ. ನಾವು ಮಾಡೂ ತಪ್ಪು ಏನಂದ್ರ, ಊಟಕ್ಕ ಅಂತ ದಂಡಿಗೆ ಬಂದು ಬೋಟ್ ಎಳದು ಎರೆಮಣ್ಣಿನ ಮ್ಯಾಲ ಬಿಸಲಿಗೆ ಬಿಟ್ಟು, ರೊಟ್ಟಿ ಗಂಟು ಬಿಚ್ಚಿ ನೆರಳಿಗೆ ಕುಂದರತೀವಿ. ಹೊಲಿಗಿ ಸಡಲಾಗೂದು ಅಲ್ಲೇ. ಊಟಕ್ಕ ಕುಂದರೂ ಮೊದಲು ಒಂದೀಟು ಗಾಳಿ ಬಿಡ್ರಿ, ತಿರುಗಿ ಇಳಿಯೂ ಮುಂದ ಪಂಪಿನಿಂದ ತುಂಬ್ರಿ. ಗಾಳಿ ಅಳಿಯೂ ಮೀಟರ್ ಇರೂ ಪಂಪ್ ಇದಕ್ಕ ಬೇಕು.

ವಜ್ಜಿ ಬಗ್ಗೆ ಅಂಗಡಿಯವರು ಬ್ಯಾರೇನ ಹೇಳ್ತಾರ. ಬೋಟ್ ಬರೇ 30, 35 ಕಿಲೋ, ಒಬ್ಬರ ಒಯ್ಬಹುದು ಅಂತಾರ. ಡಾಂಬರ ರಸ್ತೆಮ್ಯಾಲ ಒಯ್ಬಹುದ್ರೀ. ನಮ್ಮಲ್ಲಿ ಬ್ಯಾಸಗಿ ಬಂತಂದ್ರ ನೀರು ಎಷ್ಟೋ ದೂರ ಹಿಂದ ಸರೀತೈತಿ. ಮ್ಯಾಲ ಬಿರುಕು ಬಿಟ್ಟ ಎರೆಮಣ್ಣು, ಮುಂದ ಮೊಳಕಾಲು ಮಟ ಕೆಸರು. ಆ ಕೆಸರಿನ್ಯಾಗ ಗಾಲಿ ಉರುಳೂದಿಲ್ಲ. ಅದಕ್ಕ ಚೌಕಟ್ಟು ಬ್ಯಾರೆ, ಟ್ಯೂಬು ಬ್ಯಾರೆ ಆಗಿ ಎರಡ ಸಲಕ್ಕ ಒಯ್ಯೂ ಹಂಗ ಇರೂದು ನೋಡ್ರಿ. ಅಲ್ಯೂಮಿನಿಯಂ ಆದ್ರ ಹಗರ, ತುಕ್ಕೂ ಹಿಡಿಯೂದಿಲ್ಲ. ಇನ್ನು ಕೆಲವರು ಮೋಟರ್ ಕೂಡಸ್ತೀವಿ, ಮನಿ ಇನ್ವರ್ಟರ್ ಬ್ಯಾಟರಿ ಇಡ್ತೀವಿ ಅಂತಾರ. ದಯಮಾಡಿ ಬ್ಯಾಡ್ರಿ. ಆ ಬ್ಯಾಟರಿ ಒಂದ 50 ಕಿಲೋ ದಾಟತೈತಿ. ನೀವು, ಬ್ಯಾಟರಿ, ಲಂಗರು, ನೀರಿನ ಕ್ಯಾನ್, ಹಿಡದ ಮೀನ, ಎಲ್ಲಾ ಕೂಡಿಸಿ ಬೋಟಿನ ಮ್ಯಾಲ ಬರದ ತೂಕಕ್ಕಿಂತ ಮೂರರಾಗ ಒಂದ ಪಾಲು ಕಮ್ಮಿ ಬರಬೇಕು.

ಗಾಳಿ ಮಾತು ಉಳೀತು. ಆಷಾಢ, ಶ್ರಾವಣದಾಗ ಹಿನ್ನೀರು ತುಂಬತೈತಿ, ಪಡುವಣ ಗಾಳಿ ಜೋರು ಇರೂದೂ ಆವಾಗ. ಈ ಬೋಟ್ ನೀರಾಗ ಮುಳುಗೂದು ಕಮ್ಮಿ, ಮ್ಯಾಲ ತೇಲೂದು ಜಾಸ್ತಿ, ಹಿಂಗಾಗಿ ಗಾಳಿ ಅದನ್ನ ತಳ್ಳಕೊಂಡು ಹೋಗಾಕ ಭಾಳ ಹೊತ್ತು ಬೇಕಿಲ್ಲ. ಪಡುವಣ ಗಾಳಿ ಇದ್ದ ದಿನ ಮೂಡಣ ದಂಡಿಯಿಂದ ಇಳೀರಿ. ಹೋಗೂವಾಗ ರಟ್ಟಿಯೊಳಗ ಶಕ್ತಿ ಇರತೈತಿ, ಹುಟ್ಟು ಹಾಕ್ರಿ. ದಣದ ಮ್ಯಾಲ ಗಾಳೀನ ನಿಮ್ಮನ್ನ ದಂಡಿಗೆ ತರತೈತಿ. ಉದ್ದನ್ನ ಹುಟ್ಟು ಇರೂದ ತಗೋರಿ, ಗಿಡ್ಡ ಹುಟ್ಟಿನ್ಯಾಗ ಗಾಳಿಗೆ ಎದರು ಹೋಗಾಕ ಆಗೂದಿಲ್ಲ. ಲಂಗರು ಬಾಜೂಕ ಕಟ್ಟಬ್ಯಾಡ್ರಿ, ತೆರಿ ಬಂದ್ರ ಬೋಟ್ ಮಗಚತೈತಿ. ತುದಿಗೆ ಕಟ್ರಿ, ಒಂದ ಜಗ್ಗಿಗೆ ಬಿಚ್ಚೂ ಗಂಟು ಹಾಕ್ರಿ. ಕೆಳಗ ಬೊಡ್ಡಿಗೆ ಸಿಕ್ಕೊಂಡ್ರ ಬಿಟ್ಟು ಬರಾಕ ಬರಬೇಕು. ಲೈಫ್ ಜಾಕೆಟ್ ಮೈಮ್ಯಾಲ ಇರಬೇಕು, ಕುರ್ಚಿ ಹಿಂದ ಅಲ್ಲ. ಈಜು ಬರತೈತಿ ಅನ್ನೋರಿಗೂ ಈ ಮಾತ.

ಮೀನುಗಾರಿಕೆ ಇಲಾಖೆಗೆ ಹೋಗಿ ಲೈಸೆನ್ಸ್ ಬಗ್ಗೆ ಕೇಳಕೋರಿ. ಬಲಿ ಬಿಟ್ಟು ಹೊಟ್ಟಿ ಹೊರಕೊಳ್ಳೂ ಮಂದಿ ನೀರಿದು. ಅವರ ಬಲಿಯ ಮ್ಯಾಲ ಬೋಟ್ ಒಯ್ಯಬ್ಯಾಡ್ರಿ. ಹೊಸ ಜಾಗಕ್ಕ ಹೋದ್ರ ಮೊದಲು ಅವರನ್ನ ಕೇಳ್ರಿ. ಆ ಕಾಕಾ ನನಗ ಕೆಸರಿನ್ಯಾಗ ಕಡ್ಡೀಲೆ ಗೆರಿ ಹೊಡದು ತೋರಿಸಿದ: ಇಲ್ಲಿ ಹಳೇ ಬಾವಿ, ಇಲ್ಲಿ ಹೊಲದ ಒಡ್ಡು, ಇಲ್ಲಿ ಜಾಲಿ. ಮೊಬೈಲಿನ ನಕಾಶೆಯೊಳಗ ಅಲ್ಲಿ ಬರೇ ನೀಲಿ ಬಣ್ಣ ಐತ್ರೀ.

ನೋಡ್ರಿ, ಗಾಳಿ ಎದ್ದೇಬಿಡ್ತು. ಅಲ್ಲಿ ನೀರು ಕಪ್ಪಗ ಆಗಿ ಸುಕ್ಕು ಬಿದ್ದಂಗ ಕಾಣಾಕತ್ತೈತಲ್ಲ, ಅದು ಈ ಕಡೇನ ಬರಾಕತ್ತೈತಿ. ಕ್ಯಾಮೆರಾ ಬಂದ್ ಮಾಡಿ ನನ್ನ ಬೋಟ್ ಮ್ಯಾಲ ಎಳಕೋತೀನಿ.